ಕಾರಣ: ಹೊಟ್ಟೆನೋವು

ಪೊಲೀಸ್ ಕೆಲಸಕ್ಕೆ ಹೊಸದಾಗಿ ಸೇರಿದವರು ಒಬ್ಬಿಬ್ಬರು ಆಗಾಗ ನನ್ನ ಮನೆಗೆ ಬರುತ್ತಾರೆ. "ತಾತ, ನಿಮ್ಮ ಕಾಲದ ಕಳ್ಳರ ಕಥಿ ಹೇಳ್ರಿ" ಎನ್ನುತ್ತಾರೆ. ಕಳ್ಳರನ್ನು ನಾನು ಹಿಡಿದದ್ದು ಕಡಿಮೆ. ನಾನು ಠಾಣೆಯ ರೈಟರ್, ಬರೆಯುವವನು. ನನ್ನ ಕೈಯಲ್ಲಿ ಹೆಚ್ಚಾಗಿ ಬರೆಸಿಕೊಂಡದ್ದು ಶವಪಂಚನಾಮೆ. ಯಾರಾದರೂ ಸಹಜವಲ್ಲದ ರೀತಿಯಲ್ಲಿ ಸತ್ತರೆ ಊರಿನ ಐವರನ್ನು ಪಂಚರಾಗಿ ಕೂರಿಸಿ, ಹೆಣದ ಎದುರಿಗೆ ಕೂತು ತಯಾರಿಸುವ ಕಾಗದ ಅದು. ಅದರ ಕೊನೆಯಲ್ಲಿ ಸಾವಿನ ಕಾರಣ ಬರೆಯಬೇಕು. ತಮ್ಮ ಜೀವ ತಾವೇ ಕಳೆದುಕೊಂಡವರ ವಿಷಯದಲ್ಲಿ ನಾವು ಅಲ್ಲಿ ಬರೆಯುತ್ತಿದ್ದುದು ಒಂದೇ ಮಾತು. 'ಹೊಟ್ಟೆನೋವು ತಾಳಲಾರದೆ.'

ಈ ಮಾತನ್ನು ನಾನು ಕಲಿತದ್ದು ಸಿರುಗುಪ್ಪದ ಕಡೆಯ ಒಂದು ಠಾಣೆಯಲ್ಲಿ. ಯಾವುದು ಎಂದು ಹೇಳುವುದಿಲ್ಲ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ನಾವು ಮದ್ರಾಸಿನ ಆಡಳಿತದವರು. ಕಾಗದ ಕೆಲವು ಇಂಗ್ಲಿಷಿನಲ್ಲಿ, ಕೆಲವು ತೆಲುಗಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ನನಗೆ ಕೆಲಸ ಕಲಿಸಿದವರು ಹಿರಿಯ ರೈಟರ್ ದಸ್ತಗಿರಿ ಸಾಹೇಬರು. ಕೆಂಪು ಗಡ್ಡ, ನಿಧಾನದ ಮಾತು, ಮುತ್ತಿನಂಥ ಅಕ್ಷರ. ಮೊದಲ ಪಂಚನಾಮೆಯಲ್ಲಿ ಸತ್ತವಳು ಕೂಲಿಯವನೊಬ್ಬನ ಹೆಂಡತಿ. ಕೊನೆಯ ಸಾಲಿಗೆ ಬಂದಾಗ ನಾನು ತಲೆ ಎತ್ತಿದೆ.

"ಏನಂತ ಬರೀಲ್ರಿ?"

"ಹೊಟ್ಟಿನೋವು."

"ಆಕಿಗೆ ಹೊಟ್ಟಿನೋವು ಇತ್ತಂತ ಯಾರೂ ಹೇಳಿಲ್ಲಲ್ರಿ."

"ಹೇಳ್ತಾರ, ತಡಿ." ಅವರು ಪಂಚರ ಕಡೆ ತಿರುಗಿದರು. "ಏನ್ರಪಾ, ಹೊಟ್ಟಿನೋವು ಇತ್ತಿಲ್ಲೋ?"

ಐವರೂ ಒಟ್ಟಿಗೆ ತಲೆ ಆಡಿಸಿದರು.

ಬೇರೆ ಏನು ಬರೆದರೂ ಹೆಣವನ್ನು ಬಂಡಿಯಲ್ಲಿ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಸಾಗಿಸಬೇಕು, ಕೊಯ್ಯಿಸಬೇಕು, ಮನೆಯವರು ತಿಂಗಳುಗಟ್ಟಲೆ ಠಾಣೆಗೆ ಅಲೆಯಬೇಕು. "ಬದುಕಿದ್ದೋರಿಗೆ ಉಪಕಾರ, ಬೇಟಾ" ಎಂದರು ಸಾಹೇಬರು. ನಾನೂ ನಂಬಿದೆ. ಆ ಉಪಕಾರ ಸಲ್ಲುತ್ತಿದ್ದುದು ಸತ್ತವಳನ್ನು ಬಾಳಗೊಡದವರಿಗೇ ಎಂಬುದು, ಅದೇ ಮನೆಗೆ ಬಂದ ಮುಂದಿನ ಹೆಣ್ಣಿಗೆ ಅದರಿಂದ ಏನೂ ಆಗುತ್ತಿರಲಿಲ್ಲ ಎಂಬುದು ನನಗೆ ಹೊಳೆಯಲು ಬಹಳ ದಿನ ಬೇಕಾಯಿತು. ಒಮ್ಮೆ ಮಾತ್ರ ಧೈರ್ಯ ಮಾಡಿ 'ಕಾರಣ ತಿಳಿದುಬಂದಿಲ್ಲ' ಎಂದು ಬರೆದೆ. ಸಬ್ ಇನ್ಸ್‌ಪೆಕ್ಟರ್ ನಾಯ್ಡು ಅವರು ಕಾಗದವನ್ನು ನನ್ನ ಕಡೆಗೇ ಎಸೆದು, "ಏಮಯ್ಯಾ ಹನುಮಂತಪ್ಪಾ, ತಿಳೀಲಿಲ್ಲ ಅಂತ ಬರಿಯಾಕ ಸರ್ಕಾರ ನಿನಗ ಸಂಬಳ ಕೊಡ್ತೈತೇನು?" ಎಂದರು. ತಿದ್ದಿ ಬರೆದೆ.

ಅದೇ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಠಾಣೆಯಲ್ಲಿ ನಾನೊಬ್ಬನೇ ಇದ್ದೆ. ಸಿರುಗುಪ್ಪದ ಬಿಸಿಲು ಕಂಡವರಿಗೆ ಗೊತ್ತು, ಆ ಹೊತ್ತಿನಲ್ಲಿ ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಹೆಜ್ಜೆಯ ಸಪ್ಪಳ ಕೇಳಲಿಲ್ಲ. ಕತ್ತೆತ್ತಿದಾಗ ಪಡಸಾಲೆಯ ಕಂಬದ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಳು. ತಲೆ ಬೋಳಿಸಿದ ವಿಧವೆಯರು ಉಡುವ ಕೆಂಪು ಸೀರೆಯ ಸೆರಗನ್ನು ತಲೆಯ ಸುತ್ತ ಬಿಗಿಯಾಗಿ ಎಳೆದುಕೊಂಡಿದ್ದಳು. ಹಣೆ ಬರಿದಾಗಿತ್ತು. ಅಂಥ ಮಡಿವಂತ ಮನೆತನದ ವಿಧವೆ ಒಬ್ಬಳೇ ಠಾಣೆಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಬಿಸಿಲಲ್ಲಿ ಬರಿಗಾಲಲ್ಲಿ ನಡೆದು ಬಂದಿದ್ದಳು. ಆದರೂ ಮುಖದಲ್ಲಿ ಒಂದು ಹನಿ ಬೆವರಿರಲಿಲ್ಲ.

"ಯಾರವ್ವ ನೀನು? ಏನಾಗಬೇಕು?"

"ಬರಕೊಳ್ರಿ. ಹೆಸರು ಸೀತಮ್ಮ. ವಯಸ್ಸು ಇಪ್ಪತ್ತೆರಡು. ಹೊಟ್ಟಿನೋವು ಐತಿ."

ನನಗೆ ನಗು ಬಂತು. "ಹೊಟ್ಟಿನೋವಾದ್ರ ದವಾಖಾನಿಗೆ ಹೋಗವ್ವ. ಇದು ಠಾಣಿ."

"ದವಾಖಾನಿಗೆ ಹೋದ್ರ ಕಡಿಮಿ ಆಕ್ಕೈತೇನ್ರಿ?" ಅವಳೂ ಸ್ವಲ್ಪ ನಕ್ಕಳು. "ನೀವು ಮೊದಲ ಬರಕೊಂಡಿದ್ರ ನಮ್ಮವ್ವನ್ನ ಇಲ್ಲೀತನಕ ಕರಸೋದಿಲ್ಲಲ್ರಿ. ಆಕಿಗೆ ನಡ್ಯಾಕ ಆಗೋದಿಲ್ಲ. ಅದಕ್ಕ ಬಂದೆ."

ತಲೆ ಸರಿಯಿಲ್ಲದವಳು ಎಂದುಕೊಂಡೆ. ಬಿಸಿಲು ಏರುತ್ತಿದೆ, ಮನೆಗೆ ಹೋಗು ಎಂದೆ. "ಹೋಗ್ತೀನ್ರಿ" ಎಂದಳು. ನಾನು ಮತ್ತೆ ಕಾಗದಕ್ಕೆ ತಲೆ ಬಾಗಿಸಿದೆ. ಕ್ಷಣದಲ್ಲಿ ಕತ್ತೆತ್ತಿದರೆ ಬೀದಿಯ ಉದ್ದಕ್ಕೂ ಯಾರೂ ಇರಲಿಲ್ಲ.

ಮೂರನೆಯ ದಿನ ಪಕ್ಕದ ಊರಿನಿಂದ ವರ್ದಿ ಬಂತು. ದೊಡ್ಡ ಮನೆ. ಹಿತ್ತಲಲ್ಲಿ ಹೆಣಕ್ಕೆ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ನಾನು ಮುಖ ನೋಡದೆ ಬರೆಯುತ್ತಾ ಹೋದೆ. ಹೆಸರು ಬರೆದೆ, ವಯಸ್ಸು ಬರೆದೆ. ಸತ್ತವಳ ಮೈದುನ ನನ್ನ ಭುಜದ ಮೇಲಿಂದ ಬಗ್ಗಿ ನೋಡುತ್ತಿದ್ದವನು, "ನಾವಿನ್ನೂ ಹೆಸರ ಹೇಳಿಲ್ಲಲ್ರಿ. ನಿಮಗ ಹೆಂಗ ಗೊತ್ತಾತು?" ಎಂದ.

ಲೇಖನಿ ಅಲ್ಲೇ ನಿಂತಿತು. ಬಟ್ಟೆ ಸರಿಸಿದೆ. ಕಂಬದ ಪಕ್ಕ ನಿಂತಿದ್ದ ಮುಖವೇ. ಪಂಚರು ಒಬ್ಬರಾದ ಮೇಲೊಬ್ಬರು, "ಹೊಟ್ಟಿನೋವು ಐತಿ ಅಂತಿದ್ಲು" ಎಂದರು. ಅವಳು ನನಗೆ ಹೇಳಿಹೋದ ಅದೇ ಧಾಟಿಯಲ್ಲಿ ಹೇಳಿದರು.

ಅವಳಿಗೆ ಎಂಟನೆಯ ವಯಸ್ಸಿನಲ್ಲಿ ಮದುವೆಯಾಗಿ ಹನ್ನೊಂದಕ್ಕೆ ಗಂಡ ತೀರಿಕೊಂಡಿದ್ದ. ಅವನ ಪಾಲಿನ ಹೊಲವನ್ನು ಮೈದುನರು ಉಳುತ್ತಿದ್ದರು. ಇವಳು ಅಷ್ಟೂ ಮಂದಿಗೆ ಅಡಿಗೆ ಮಾಡಿ, ದಿನಕ್ಕೊಮ್ಮೆ ಹಿತ್ತಲಲ್ಲಿ ಕೂತು ಉಣ್ಣುತ್ತಿದ್ದಳು. ಹಬ್ಬದ ದಿನ ಎದುರಿಗೆ ಬಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇದನ್ನೆಲ್ಲ ಬರೆಯಲು ಕಾಗದದಲ್ಲಿ ಜಾಗವಿರಲಿಲ್ಲ. ಇದ್ದ ಜಾಗದಲ್ಲಿ ನಾನು ಏನು ಬರೆದೆನೆಂದು ನಿಮಗೆ ಗೊತ್ತು.

ಬಂಡಿಯಲ್ಲಿ ಹಿಂದಿರುಗುವಾಗ ದಸ್ತಗಿರಿ ಸಾಹೇಬರಿಗೆ ಎಲ್ಲಾ ಹೇಳಿದೆ. ಅವರು ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡರು. ಆಮೇಲೆ, "ನನ್ನ ಹತ್ರಾನೂ ಒಬ್ಬಾಕಿ ಬಂದಿದ್ಲು. ಎರಡು ಕೂಸು ಕೈಯಾಗ ಹಿಡಕೊಂಡು. ಕುಡ್ಯಾಕ ನೀರು ಕೇಳಿದ್ಲು, ಕೊಟ್ಟೆ. ಇನ್ನಾ ಏನೋ ಕೇಳೋಳಿದ್ಲು. ನಾನು ಕೇಳಲಿಲ್ಲ" ಎಂದರು. "ನಂದು ಕಾಲ ಮುಗೀತು ಬೇಟಾ. ನೀನು ಕೇಳು. ಬಂದು ನಿಂತೋರನ್ನ ಕೇಳು."

ಅಂದಿನಿಂದ ನನ್ನದೇ ಒಂದು ಪುಸ್ತಕ ಇಟ್ಟುಕೊಂಡೆ. ಸರ್ಕಾರಿ ಕಾಗದದಲ್ಲಿ ಇಲ್ಲದ್ದನ್ನು ಅದರಲ್ಲಿ ಬರೆಯುತ್ತಿದ್ದೆ: ಯಾವ ಮನೆ, ಆ ವಾರ ಯಾರ ಜೊತೆ ಮಾತಾಡಿದಳು, ಕೊನೆಯ ಊಟ ಎಲ್ಲಿ ಕೂತು ಮಾಡಿದಳು. ಯಾರೂ ಕೇಳದ ಪುಸ್ತಕ. ಬರೆಯುತ್ತಾ ಹೋದ ಹಾಗೆ ಒಂದು ಕಂಡಿತು. ಗಂಡಸರಿಗಿಂತ ಹೆಂಗಸರು, ಊರೊಳಗಿನವರಿಗಿಂತ ಊರಾಚೆಯವರು ಸಣ್ಣ ವಯಸ್ಸಿನಲ್ಲಿ ಹೋಗುತ್ತಿದ್ದರು. ಜೀವ ಬಿಡುವ ಮೊದಲು ಬಹಳ ಮಂದಿ ಎಲ್ಲಾದರೂ ಹೋಗಿ ನಿಂತಿದ್ದರು. ಬಾಯಿಬಿಟ್ಟು ಹೇಳದಿದ್ದರೂ ಯಾರಾದರೊಬ್ಬರ ಎದುರಿಗೆ ನಿಂತು ಬಂದಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ನನ್ನನ್ನು ಕುರುಗೋಡಿನ ಕಡೆಗೆ ಹಾಕಿದರು. ಅಲ್ಲಿಂದ ಎರಡು ಹರದಾರಿ ದೂರದಲ್ಲಿ ಒಂದು ಹಳ್ಳಿ. ಹೆಸರು ಬೇಡ, ಅಂದಿನವರ ಮೊಮ್ಮಕ್ಕಳು ಈಗಲೂ ಅಲ್ಲೇ ಇದ್ದಾರೆ. ಊರ ಬೆನ್ನಿಗೆ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಗುಡ್ಡ. ಅದರ ಬುಡದಲ್ಲಿ ಕಲ್ಲುಕಟ್ಟೆಯ ಬಾವಿ. ಅದಕ್ಕೆ 'ಕರಿಯೋ ಬಾವಿ' ಎನ್ನುತ್ತಿದ್ದರು.

"ಮಟಮಟ ಮಧ್ಯಾಹ್ನ ಆ ಕಡಿ ಹೋಗಬ್ಯಾಡ್ರಿ" ಎಂದ ಊರಿನ ತಳವಾರ. "ಹೆಸರ ಹಿಡದು ಕರೀತೈತಿ."

"ಯಾರು ಕರೀತಾರೋ?"

"ಅದನ್ನ ಕೇಳಿದೋರು ಹೇಳಾಕ ಉಳದಿಲ್ರಿ."

ಹಳೆಯ ಕಾಗದ ತೆಗೆದು ನೋಡಿದೆ. ಕೆಲವೇ ವರ್ಷಗಳಲ್ಲಿ ಇಬ್ಬರು ಹೆಂಗಸರು ಆ ಬಾವಿಗೆ ಬಿದ್ದು ಸತ್ತಿದ್ದರು. ಇಬ್ಬರೂ ನಡುಮಧ್ಯಾಹ್ನ. ಕಾರಣ ನನ್ನ ಹಿಂದಿನವರು ಬರೆದದ್ದು ಅದೇ.

ಒಂದು ದಿನ ಅದೇ ಹೊತ್ತಿಗೆ ಬಾವಿಗೆ ಹೋದೆ. ಗಾಳಿ ಇರಲಿಲ್ಲ. ಬಂಡೆಗಳಿಂದ ಝಳ ಏಳುತ್ತಿತ್ತು. ಕಟ್ಟೆಯ ಮೇಲೆ ಕೈಯಿಟ್ಟು ಬಗ್ಗಿದೆ. ಕೆಳಗೆ ನೀರು ಕಪ್ಪಗೆ, ಅಲುಗಾಡದೆ ಇತ್ತು. ಆಗ ಕೇಳಿತು. ಬಾವಿಯ ಒಳಗಿನಿಂದಲೇ, ಸಣ್ಣ ಹೆಣ್ಣುದನಿ, ಎಳೆದೆಳೆದು, "ಅವ್ವಾ... ಬರ್ರೀ... ಬರ್ರೀ..." ಓಡಿಹೋಗಬೇಕೆನಿಸಿತು. ಆದರೆ ಕಟ್ಟೆಯ ಮೇಲಿನ ಕೈ ತೆಗೆಯಲು ಆಗಲಿಲ್ಲ, ಇನ್ನೊಮ್ಮೆ ಕೇಳಬೇಕೆನಿಸಿತು. ಆ ಆಸೆ ಎಂಥದೆಂದು ಈಗಲೂ ನೆನೆಸಿದರೆ ಹೆದರಿಕೆಯಾಗುತ್ತದೆ.

ಹೇಗೋ ಕೈ ಕಿತ್ತುಕೊಂಡು ಬಂಡೆಯ ಆಚೆ ಸುತ್ತಿ ಬಂದೆ. ಅಲ್ಲಿ ಊರಾಚೆಯ ಕೇರಿಯ ಮೂವರು ಹೆಂಗಸರು ಖಾಲಿ ಕೊಡಗಳನ್ನಿಟ್ಟುಕೊಂಡು ನೆಲದ ಮೇಲೆ ಕೂತಿದ್ದರು. ಅವರು ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ಊರಿನ ಯಾರಾದರೂ ಬಂದು ಸೇದಿ, ಮೇಲಿನಿಂದ ಅವರ ಕೊಡಕ್ಕೆ ಸುರಿಯಬೇಕು. ಬೆಳಿಗ್ಗೆ ಸುರಿಯುವವರು ಸಿಕ್ಕದಿದ್ದರೆ ಮಧ್ಯಾಹ್ನದವರೆಗೂ ಹೀಗೆ ಕೂಗುತ್ತಾ ಕೂರಬೇಕು. "ಅವ್ವಾ, ಬರ್ರೀ, ನೀರು ಹಾಕ ಬರ್ರೀ" ಎನ್ನುವ ಆ ಕೂಗು ಬಂಡೆಗೆ ಬಡಿದು ಬಾವಿಯೊಳಗೆ ಇಳಿದು ಮೇಲೆದ್ದು ಬರುತ್ತಿತ್ತು.

ಊರಿನವರು ಅಷ್ಟು ವರ್ಷ ಆ ದನಿ ಕೇಳಿದ್ದರು. ಬಂದು ಒಂದು ಕೊಡ ನೀರು ಹಾಕುವುದಕ್ಕಿಂತ ಅದನ್ನು ದೆವ್ವ ಎನ್ನುವುದು ಅವರಿಗೆ ಸುಲಭವಾಗಿತ್ತು. ಸತ್ತ ಇಬ್ಬರೂ ಅದೇ ಕೇರಿಯವರೆಂಬುದು ಅಂದು ತಿಳಿಯಿತು. ನಾನು ಮೂರು ಕೊಡ ಸೇದಿ ಹಾಕಿ ಬಂದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡೆ. ಮಾರನೆಯ ದಿನ ಅವರಿಗೆ ಯಾರು ಹಾಕಿದರೆಂದು ವಿಚಾರಿಸಲಿಲ್ಲ. ಅದೂ ನನ್ನ ತಪ್ಪುಗಳ ಪಟ್ಟಿಯಲ್ಲಿರಲಿ.

ಮುಂದಿನ ಬೇಸಿಗೆಯಲ್ಲಿ ದನಗಳ ತಕರಾರೊಂದಕ್ಕಾಗಿ ಅದೇ ಊರಿನ ಚಾವಡಿಯಲ್ಲಿ ಕೂತಿದ್ದೆ. ಬಾವಿಯ ಕಡೆಯಿಂದ ಒಬ್ಬ ಹೆಂಗಸು ಚೀರಿದಳು. ಓಡಿದೆ. ಕಟ್ಟೆಯ ಮೇಲೆ ಊರ ಗೌಡರ ಸೊಸೆ ಶಾಂತವ್ವ ಹಗ್ಗ ಇಳಿಬಿಟ್ಟು, ಎರಡೂ ಕೈಯಿಂದ ಹಿಡಿದು ನಿಂತಿದ್ದಳು. ಕೆಳಗೆ ನೀರಿನಲ್ಲಿ ಕೇರಿಯ ಹುಲಿಗೆವ್ವ ಹಗ್ಗದ ತುದಿ ಹಿಡಿದು ತೇಲುತ್ತಿದ್ದಳು. ನಾಲ್ಕು ಜನ ಗಂಡಸರು ಸುತ್ತ ನಿಂತಿದ್ದರು. ಒಬ್ಬನೂ ಹಗ್ಗಕ್ಕೆ ಕೈ ಹಾಕಿರಲಿಲ್ಲ.

ನಾನು ಮೋಕದವನು, ಹಗರಿಯಲ್ಲಿ ಈಜು ಕಲಿತವನು. ಇಳಿದೆ. ಅವಳನ್ನು ಮೇಲಕ್ಕೆ ತಂದು ನೆರಳಲ್ಲಿ ಮಲಗಿಸಿದೆವು. ಉಸಿರು ಬಂತು, ಕಣ್ಣು ಬಿಟ್ಟಳು. ಆ ಸಂಜೆ ಮನೆಗೆ ಬಂದವನೇ ಬಟ್ಟೆ ಕಳಚಿ ತಲೆಗೆ ಸ್ನಾನ ಮಾಡಿದೆ. "ಬಾವ್ಯಾಗ ಮುಳಿಗೆದ್ದು ಬಂದಿರಿ, ಮತ್ಯಾಕ ಸ್ನಾನ?" ಎಂದು ಕೇಳಿದಳು ನನ್ನ ಹೆಂಡತಿ. ಕೇರಿಯವಳನ್ನು ಮುಟ್ಟಿದ ಮೈಯನ್ನು ನಾನು ತೊಳೆದುಕೊಂಡಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಬರೆಯುವ ಹೊತ್ತು ಬಂದಾಗ ಕಷ್ಟ ಶುರುವಾಯಿತು. ಆಗಿನ ಕಾಯಿದೆಯ ಪ್ರಕಾರ ಸಾಯಲು ಹೋಗಿ ಬದುಕಿದವರ ಮೇಲೆ ಕೇಸು. ಬೇಕೆಂದೇ ಬಿದ್ದಳು ಎಂದು ಬರೆದರೆ ಹುಲಿಗೆವ್ವ ಕೋರ್ಟಿಗೆ, ಅಲ್ಲಿಂದ ಜೈಲಿಗೆ. ನೀರು ಸೇದುವಾಗ ಕಾಲು ಜಾರಿತು ಎಂದು ಬರೆದರೆ ಅವಳು ಕಟ್ಟೆ ಹತ್ತಿದಳು ಎಂದಾಗುತ್ತದೆ. ಊರು ಕೇರಿಯನ್ನೇ ಸುಮ್ಮನೆ ಬಿಡುವುದಿಲ್ಲ. ಹೊಟ್ಟೆನೋವು ಎಂದು ಬರೆಯಲು ಅವಳು ಸತ್ತಿರಲಿಲ್ಲ. ಮರುದಿನ ಕೇರಿಗೆ ಹೋಗಿ ಅವಳನ್ನೇ ಕೇಳಿದೆ.

"ಹುಲಿಗೆವ್ವಾ, ಸಾಯಾಕ ಅಂತ ಹೋಗಿದ್ದೇನು?"

ನನ್ನ ಸೇವೆಯಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಅದೇ ಮೊದಲು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂದು ಹಿರಿಯರು ಹೆದರಿಸಿದ್ದರು. ಹಾಗೇನೂ ಆಗಲಿಲ್ಲ. ಅವಳು ಬಹಳ ದಿನದಿಂದ ಹೊತ್ತಿದ್ದ ಭಾರ ಇಳಿಸಿದವಳ ಹಾಗೆ ಗೋಡೆಗೆ ಒರಗಿದಳು.

"ಗೊತ್ತಿಲ್ರಿ. ಮನ್ಯಾಗ ಕೂಸಿಗೆ ಜ್ವರ. ಮುಂಜಾನಿಂದ ಕುಂತಿದ್ದೆ, ಒಬ್ರೂ ಬರಲಿಲ್ಲ. ಕಡೀಕ ಕಟ್ಟಿ ಹತ್ತಿ ಹಗ್ಗ ಹಿಡದೆ. ನೀರು ಕಾಣತಿತ್ತು. ಇಷ್ಟು ನೀರು ಐತಿ, ನನಗ ಇಲ್ಲ ಅನಿಸ್ತು. ಆಮ್ಯಾಲ ಬಿದ್ನೋ, ಬಿಟ್ನೋ, ನನಗ ಗೊತ್ತಿಲ್ರಿ."

ಅದನ್ನೇ ಬರೆಯಲು ನಿರ್ಧರಿಸಿದೆ. ನೀರು ಸಿಗದೆ ದಣಿದು ತಲೆತಿರುಗಿ ಬಿದ್ದಳು. ನೀರು ಕೊಡದಿದ್ದವರು ಊರಿನವರು. ಬಾವಿಯ ನೀರಿಗೆ ಯಾರನ್ನೂ ತಡೆಯಬಾರದೆಂಬ ಕಾಯಿದೆ ಆಗಲೇ ಬಂದು, ಠಾಣೆಯ ಬೀರುವಿನಲ್ಲಿ ಧೂಳು ತಿನ್ನುತ್ತಾ ಇತ್ತು. ಆದರೆ ಸಾಕ್ಷಿ ಬೇಕು. ಗೌಡರ ಮನೆಯ ಪಡಸಾಲೆಯಲ್ಲಿ ಕೂತು, ಬಾವಿಯ ಸುತ್ತ ನಿಂತಿದ್ದವರನ್ನು ಕರೆಸಿದೆ. ಗಂಡಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಗೌಡರು, "ಬರಿಯೋದು ಬಿಡ್ರಿ, ಹೆಂಗೂ ಬದುಕ್ಯಾಳಲ್ಲ" ಎಂದರು. ಆಗ ಬಾಗಿಲ ಹಿಂದಿನಿಂದ ಶಾಂತವ್ವ ಹೊರಗೆ ಬಂದಳು. ಮಾವನ ಎದುರಿಗೆ ಅವಳು ಬಾಯಿ ಬಿಟ್ಟದ್ದು ಅದೇ ಮೊದಲಿರಬೇಕು.

"ನನ್ನ ಹೆಸರ ಬರಕೊಳ್ರಿ. ಆಕಿ ಮುಂಜಾನಿ ಕೂಗಿದ್ದು ನಾನು ಕೇಳೀನಿ. ಕೇಳಿ ಒಳಗ ಕುಂತಿದ್ದೆ. ನಾವೆಲ್ಲಾ ಕೇಳಿ ಕುಂತಿದ್ವಿ."

ಗೌಡರು ಸೊಸೆಯ ಮುಖವನ್ನೇ ನೋಡುತ್ತಾ ನಿಂತರು. ಅವಳು ಹೆಬ್ಬೆಟ್ಟು ಒತ್ತಿದಳು.

ನಾಯ್ಡು ಅವರು ಆಗ ನಮ್ಮ ಮೇಲಿನ ಇನ್ಸ್‌ಪೆಕ್ಟರ್ ಆಗಿದ್ದರು. ನನ್ನ ಕಾಗದ ಎರಡು ಸಲ ಓದಿದರು. ಈ ಸಲವೂ ಎಸೆಯುತ್ತಾರೆಂದು ಕಾದೆ. ಎಸೆಯಲಿಲ್ಲ. "ಇದನ್ನ ಮ್ಯಾಲಕ್ಕ ಕಳಿಸಿದ್ರ ನಿನ್ನನ್ನ ಅಲ್ಲಿ ಇಟ್ಟುಕೊಳ್ಳಾಕ ಆಗೋದಿಲ್ಲ, ಗೊತ್ತೈತಾ?" ಎಂದರು. ಗೊತ್ತಿದೆ ಎಂದೆ. ಸಹಿ ಹಾಕಿದರು. ತಿಂಗಳೊಳಗೆ ನನ್ನನ್ನು ಬಳ್ಳಾರಿಗೆ ಎತ್ತಿಹಾಕಿದರು. ಹುಲಿಗೆವ್ವನ ಮೇಲೆ ಕೇಸಾಗಲಿಲ್ಲ. ತಹಸೀಲ್ದಾರರು ಊರಿಗೆ ಹೋಗಿ ಕಾಯಿದೆ ಓದಿ ಹೇಳಿ, ಎದುರಿಗೇ ನಿಂತು ಕೇರಿಯವರಿಂದ ನೀರು ಸೇದಿಸಿದರು. ಊರಿನವರು ಜಗಳ ಮಾಡಲಿಲ್ಲ. ಆ ಬಾವಿಯನ್ನೇ ಬಿಟ್ಟು ತಮಗೆ ಬೇರೆ ಬಾವಿ ತೋಡಿಸಿಕೊಂಡರು. ಇದನ್ನು ಗೆಲುವೆಂದು ಕರೆಯಬೇಕೋ ಬೇಡವೋ ನನಗೆ ಗೊತ್ತಿಲ್ಲ. ನೀರು ಸಿಕ್ಕಿತು. ಹುಲಿಗೆವ್ವನ ಕೂಸು ಉಳಿಯಿತು. ನಾನು ಕೇಳಿದ ಮಟ್ಟಿಗೆ ಆಮೇಲೆ ಆ ಬಾವಿಯಲ್ಲಿ ಯಾರೂ ಸಾಯಲಿಲ್ಲ.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಕಾರಣದ ಸಾಲು ಸತ್ತವರಿಗಲ್ಲ, ಅದೇ ಮನೆಯಲ್ಲಿ, ಅದೇ ಕೇರಿಯಲ್ಲಿ ಇನ್ನೂ ಬದುಕಿರುವವರಿಗೆ. ಸುಳ್ಳು ಬರೆದರೆ ಅವರ ದಾರಿ ಮುಚ್ಚಿದ ಹಾಗೆ. ಎದುರಿಗೆ ಬಂದು ನಿಂತವರನ್ನು ಕೂರಿಸಿ, ನೇರವಾಗಿ ಕೇಳಿ, ಒಬ್ಬರನ್ನೇ ಹಿಂದಕ್ಕೆ ಕಳಿಸಬೇಡಿ.

ಇನ್ನೊಂದು ಸಂಗತಿ ಇದೆ. ಇದನ್ನು ಯಾವ ಕಾಗದದಲ್ಲೂ ಬರೆಯಲಿಲ್ಲ. ಬಳ್ಳಾರಿಗೆ ಹೊರಡುವ ಮುನ್ನ ಹುಲಿಗೆವ್ವನನ್ನು ನೋಡಲು ಕೇರಿಗೆ ಹೋಗಿದ್ದೆ. ಮಾತಿನ ನಡುವೆ, "ನೀನು ಅಷ್ಟು ಹೊತ್ತು ಕೂಗಿದ್ದಕ್ಕ ಶಾಂತವ್ವ ಬಂದ್ಲು, ಪುಣ್ಯ" ಎಂದೆ.

ಅವಳು ವಿಚಿತ್ರವಾಗಿ ನನ್ನನ್ನು ನೋಡಿದಳು. "ನಾನು ಆಗ ಕೂಗಿಲ್ರಿ. ಗಂಟಲು ಒಣಗಿ ದನಿ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಬಾಯಿಂದ ಒಂದ ಮಾತೂ ಹೊಂಡಲಿಲ್ಲ. ನನ್ನ ಬಿಟ್ರ ಅಲ್ಲಿ ಯಾರೂ ಇದ್ದಿಲ್ಲ."

ಎರಡು ವರ್ಷದ ಮೇಲೆ, ಬಳ್ಳಾರಿ ಮೈಸೂರಿಗೆ ಸೇರುವ ಗಲಾಟೆಯ ಕಾಲದಲ್ಲಿ, ಕುರುಗೋಡಿನ ಬಸವೇಶ್ವರ ಗುಡಿಯ ಮುಂದೆ ಶಾಂತವ್ವ ಸಿಕ್ಕಳು. ತೆಳ್ಳಗಾಗಿದ್ದಳು, ಆದರೆ ತಲೆ ಎತ್ತಿ ಮಾತಾಡಿದಳು. ಹುಲಿಗೆವ್ವ ಹೇಳಿದ್ದನ್ನು ತಿಳಿಸಿದೆ. ಆ ಹೊತ್ತಿಗೆ ನೀನು ಬಾವಿಗೆ ಬಂದದ್ದೇಕೆ ಎಂದು ಕೇಳಿದೆ.

"ನನ್ನ ಕರದಿತ್ರಿ" ಎಂದಳು, ಸ್ವಲ್ಪವೂ ಅಳುಕದೆ. "ಶಾಂತವ್ವಾ, ಶಾಂತವ್ವಾ ಅಂತ. ಮಕ್ಕಳಾಗಲಿಲ್ಲಂತ ಆ ವಾರ ನನ್ನ ಗಂಡಗ ಇನ್ನೊಂದು ಹೆಣ್ಣು ನೋಡಿ ಬಂದಿದ್ರು. ನಾನು ನೀರಿಗೆ ಹೋಗಿದ್ದಿಲ್ರಿ ಅವತ್ತು. ಕೊಡ ತಗೊಂಡಿದ್ದಿಲ್ಲ. ಹೋಗಿ ನೋಡಿದ್ರ ಹುಲಿಗೆವ್ವ ಬಿದ್ದಿದ್ಲು. ಹಗ್ಗ ಇಳಸಬೇಕಾತು. ಹಗ್ಗ ಹಿಡದ ಮ್ಯಾಲ ನನಗ ಬೇರೆ ಕೆಲಸಕ್ಕ ಕೈ ಎಲ್ಲಿದ್ವು?"

ನಾನು ಕೇಳಿದೆ, "ಈಗೂ ಕೇಳತೈತೇನವ್ವಾ?"

"ಒಂದೊಂದು ಮಧ್ಯಾಹ್ನ ಕೇಳತೈತ್ರಿ."

"ಕೇಳಿದಾಗ ಏನು ಮಾಡ್ತಿ?"

"ಕೇರಿಗೆ ಹೋಗ್ತೀನಿ. ಹುಲಿಗೆವ್ವ ಬಾಗಿಲಾಗ ಚಾಪಿ ಹಾಸ್ತಾಳ, ಕುಂದರ್ತೀನಿ. ಕುಡ್ಯಾಕ ನೀರು ಕೊಡ್ತಾಳ, ಕುಡೀತೀನಿ. ಮನ್ಯಾಗ ಬೈತಾರ, ಬೈಲಿ" ಎಂದು ಅವಳು ಸೆರಗು ಹೊದ್ದು ಬಿಸಿಲಿಗೆ ಇಳಿದಳು.